ಹನ್ನೆರಡರಲ್ಲಿ ಏಳನೆಯದು

ಹರ್ಮಟಾನ್ ಗಾಳಿಯ ತಿಂಗಳು. ಇಬಾದಾನಿನಲ್ಲಿ
ಸಹಾರದ ಧೂಳಿಗೆ ಆಸ್ಪತ್ರೆಯ ಪಾಸು ಬೇಕಿಲ್ಲ.
ಕಿಟಕಿ ಮುಚ್ಚಿದರೂ ಬರುತ್ತದೆ, ಸ್ಲೈಡಿನ ಮೇಲೆ ಕೂರುತ್ತದೆ,
ಒಮ್ಮೊಮ್ಮೆ ರೋಗದ ಹಾಗೇ ಕಾಣುತ್ತದೆ.
ಅದಕ್ಕೇ ಮೊದಲು ಒರೆಸುತ್ತೇನೆ, ಆಮೇಲೆ ನೋಡುತ್ತೇನೆ.
ಮೂವತ್ತೊಂದು ವರ್ಷದಲ್ಲಿ ಕಲಿತದ್ದರಲ್ಲಿ
ಶಿಷ್ಯರಿಗೆ ಧೈರ್ಯವಾಗಿ ಹೇಳಬಹುದಾದದ್ದು ಇದೊಂದೇ.

ಇವತ್ತಿನ ತಟ್ಟೆಯಲ್ಲಿ ಹನ್ನೆರಡು ಎಳೆ.
ಸೂಜಿ ಕಚ್ಚಿ ತಂದವು, ಒಂದೊಂದೂ ಶಾವಿಗೆಯ ಚೂರು.
ಫಾರ್ಮಲಿನ್ನಿನಲ್ಲಿ ರಾತ್ರಿ ಕಳೆದು, ಮೇಣದಲ್ಲಿ ಹೂತದ್ದನ್ನು
ಎಫಿಯಾಂಗ್ ಉಸಿರು ಬಿಗಿಹಿಡಿದು ಕೊಯ್ದು
ನೀರ ಮೇಲೆ ತೇಲಿಸಿ ಎತ್ತಿದ್ದಾನೆ.
ಹೆಸರು: ಅಡೆಗೋಕೆ. ವಯಸ್ಸು: ಅರವತ್ತೆಂಟು.
ಕಸುಬು: ಲಾರಿಯ ಬೆನ್ನಿಗೆ ಅಕ್ಷರ ಬರೆಯುವುದು.
ಚೀಟಿಯಲ್ಲಿ ಕಸುಬಿಗೆ ಜಾಗವಿಲ್ಲ;
ಹಟ ಹಿಡಿದು ಬರೆಸಿದರಂತೆ.

ಒಂದರಿಂದ ಆರರವರೆಗೆ ಜಗಳವಿಲ್ಲ.
ಅಗಲ ಬಾಯಿಯ ಗ್ರಂಥಿಗಳು, ಅಂಚು ನಿರಿಗೆ ನಿರಿಗೆ,
ಒಳಗೆ ಅಲ್ಲಲ್ಲಿ ಗುಲಾಬಿ ಹರಳು,
ಕಡಿದ ಮರದಂತೆ ಸುತ್ತಿನೊಳಗೆ ಸುತ್ತು.
ಮುಪ್ಪಿಗೂ ಒಂದು ಅಂದವಿದೆಯೆಂದು
ಈ ಕೊಳವೆಯೊಳಗೇ ನನಗೆ ಗೊತ್ತಾದದ್ದು.
ಪ್ರತಿ ಗ್ರಂಥಿಗೂ ಹೊರಗೊಂದು ಸಾಲು ಕೋಶ, ಚಪ್ಪಟೆ, ಕಪ್ಪು,
ಹೊಸ್ತಿಲಲ್ಲಿ ಕೂತು ಹೊರಟವರನ್ನೆಲ್ಲ
"ಎಲ್ಲಿಗೆ?" ಎಂದು ಕೇಳಿಯೇಬಿಡುವ ಅಜ್ಜಿಯ ಹಾಗೆ.

ಏಳನೆಯದರಲ್ಲಿ ಅಜ್ಜಿಯಿಲ್ಲ.

ಎರಡು ಒಳ್ಳೆಯ ಗ್ರಂಥಿಗಳ ನಡುವೆ
ಸಣ್ಣವು, ಗುಂಡಗಿನವು, ಹತ್ತೋ ಹನ್ನೊಂದೋ,
ಕರೆಯದೆ ಪಂಕ್ತಿಗೆ ಬಂದವರಂತೆ
ತಲೆಯೆತ್ತದೆ ಒತ್ತಿ ಕೂತಿವೆ.
ನಲವತ್ತರ ಮಸೂರ ತಿರುಗಿಸಿದೆ.
ಕೋಶದ ನಡುವೆ ಕೇಂದ್ರ, ಕೇಂದ್ರದ ನಡುವೆ ಕೆಂಪು ಚುಕ್ಕೆ.
ನೆಟ್ಟಗೆ ನನ್ನನ್ನೇ ನೋಡಿತು.
ಇದು ಅದೇ.

ಆದರೆ ಅದೇ ಎಂದರೆ ಸಾಲದು, ಎಷ್ಟು ಎಂದೂ ಹೇಳಬೇಕು.
ಬಿಡಿಬಿಡಿಯಾಗಿದ್ದರೆ ಮೂರು, ಬೆಸೆದುಕೊಂಡಿದ್ದರೆ ನಾಲ್ಕು.
ಮೂರೇ ಆದರೆ ಕಾಯಬಹುದು, ಆಗಾಗ ಇಣುಕುತ್ತ.
ನಾಲ್ಕು ಸೇರಿದರೆ ಚಾಕಿನ ಮಾತು, ಕಿರಣದ ಮಾತು,
ಮಾರಬೇಕಾದ ಮಗಳ ಅಂಗಡಿಯ ಮಾತು.
ಮೂಲೆಯಲ್ಲಿ ಮೂರು ಗ್ರಂಥಿ, ಬಾಯಿ ಕಾಣದೆ,
ಒಂದರ ಮೈಮೇಲೊಂದು ಒರಗಿದ್ದವು.
ಬೆಸುಗೆಯೋ? ಅಲಗು ಓರೆಯಾಗಿ ಹಾದದ್ದೋ?

ಅಷ್ಟರಲ್ಲಿ ಕರೆಂಟು ಹೋಯಿತು.

ಕತ್ತಲಲ್ಲೂ ಕಣ್ಣೊಳಗೆ ಉಳಿದಿತ್ತು, ನೀಲಿ, ಗುಲಾಬಿ.
ಜನರೇಟರಿಗೆ ಡೀಸೆಲ್ ತರಹೋದವನು ಎಲ್ಲಿ ಹಾಳಾದನೋ.
"ಇನ್ನೂ ಆಳಕ್ಕೆ ಕೊಯ್ದು ಕೊಡು" ಎಂದು ಎಫಿಯಾಂಗ್‌ಗೆ ಕೂಗಿ
ಕಪಾಟಿನಿಂದ ಕನ್ನಡಿಯ ಹಳೆ ಮೈಕ್ರೋಸ್ಕೋಪು ಇಳಿಸಿ
ಕಿಟಕಿಗೆ ಒಯ್ದೆ. ಧೂಳಿನ ಹಿಂದೆ ಸೂರ್ಯ
ನೀರು ಬೆರೆಸಿದ ಹಾಲು.
ಕನ್ನಡಿ ತಿರುಗಿಸುವಾಗ ಮೊದಲು ಸಿಕ್ಕಿದ್ದು ಬೆಳಕಲ್ಲ, ಅಂಗಳದ ಬೆಂಚು;
ಬೆಂಚಿನ ಮೇಲೊಬ್ಬರು, ಉಗುರಲ್ಲಿ ಹಳದಿ ಎನಾಮಲ್,
ಕಿತ್ತಳೆಯ ಹಸಿರನ್ನಷ್ಟೇ ಬ್ಲೇಡಿನಲ್ಲಿ ಸುರುಳಿಯಾಗಿ,
ಎಲ್ಲೂ ಕಡಿಯದೆ, ಸುಲಿಯುತ್ತಿದ್ದಾರೆ.
ಆ ಕೈಯನ್ನು ಎಫಿಯಾಂಗ್ ನೋಡಬೇಕಿತ್ತು.

ಯಾರೆಂದು ಕೇಳಬೇಕಿರಲಿಲ್ಲ.
ಹೊರಗೆ ಹೋದೆ. ಹೋಗಬಾರದಿತ್ತು.

"ಓದುವವರು ನೀವೇನಮ್ಮ?"
ಹೌದೆಂದೆ, ಇನ್ನೂ ಮುಗಿದಿಲ್ಲವೆಂದೆ.
ಅವರು ಬ್ಲೇಡು ಒರೆಸಿಕೊಂಡರು.
"ನನಗೆ ಗೆರೆ ತಪ್ಪಿದರೆ ಸೀಮೆಎಣ್ಣೆ ಇದೆ,
ಬಟ್ಟೆ ಅದ್ದಿ ಉಜ್ಜಿದರೆ ಆಯ್ತು.
ನಿಮಗೆ?"
ಉತ್ತರಕ್ಕೆ ಕಾಯಲೂ ಇಲ್ಲ. ಕಿತ್ತಳೆಯ ನೆತ್ತಿ ಕೊಯ್ದು
ನನ್ನ ಅಂಗೈಯಲ್ಲಿಟ್ಟು ರಸ್ತೆಯ ಲಾರಿ ನೋಡತೊಡಗಿದರು,
ಯಾರೋ ಬರೆದ ಅಕ್ಷರಗಳನ್ನು, ತುಟಿ ಓರೆ ಮಾಡಿ.

ನಾಲ್ಕಕ್ಕೆ ದೀಪ ಬಂತು, ಹೊಸ ಸ್ಲೈಡೂ ಬಂತು.
ಆಳದಲ್ಲಿ ಎರಡು ಗ್ರಂಥಿ ಬಾಯಿ ತೆರೆದವು, ಬೇರೆ ಬೇರೆ.
ಮೂರನೆಯದು ತೆರೆಯಲಿಲ್ಲ.
ಅದನ್ನು ನೋಡಿದೆ, ಒರೆಸಿ ನೋಡಿದೆ,
ಪಕ್ಕದ ಕೋಣೆಯ ಹಿರಿಯರನ್ನು ಕರೆದು ತೋರಿಸಿದೆ,
ಅವರು "ಹ್ಞೂಂ" ಎಂದರು, ಅದು ಯಾವುದಕ್ಕೋ.

ಮೂರು, ಮತ್ತೆ ಮೂರು. ಹನ್ನೆರಡರಲ್ಲಿ ಒಂದು ಎಳೆ, ಒಂದು ಮಿಲಿಮೀಟರು.
ಸಹಿ ಹಾಕಿದೆ.
ಫೋಕಸ್ಸಿನ ತಿರುಗಣೆ ಇನ್ನೂ ಅಂಟಂಟು.